ದೊಡ್ಡ ಸ್ವಾಮಿಯವರ ನಿತ್ಯ ಪ್ರಾರ್ಥನೆ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರು ನೋಡುವ ನಮ್ಮ ಕರಾವಳಿಯ ವಿಶ್ವಾಸಿಗಳು ಹಾಸನದ ಬಳಿಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿಗೂ ಹೋಗಿಬರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅದು ಈಗ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ. ಅದಕ್ಕೂ ಅರ್ಧ ಶತಮಾನದ ಹಿಂದೆ ಇದೇ ಸೀಮೆಯ ಸಾತಹಳ್ಳಿಯ ಕ್ರೈಸ್ತರ ನಡುವೆ ಓಡಾಡಿದ ಇನ್ನೊಬ್ಬ ಫ್ರೆಂಚ್ ಗುರುಗಳನ್ನು ನಾವು ಮರೆತಂತಿದೆ. ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರಾಗಿದ್ದ ಅವರೇ ಅಬ್ಬೆ ದುಬ್ವಾ.

ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತದ ಹಡಗು ಹತ್ತಿದರು. ಅವರು ಮೈಸೂರು ಸೀಮೆಗೆ ಬಂದದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ. 1784ರಲ್ಲಿ ಟಿಪ್ಪು ಸುಲ್ತಾನ ಸೆರೆಹಿಡಿದು ಘಟ್ಟ ಹತ್ತಿಸಿದ ನಮ್ಮವರಲ್ಲಿ ಬದುಕುಳಿದವರು ಆಗ ಬಿಡುಗಡೆಯಾಗಿದ್ದರು. ಬಲವಂತದ ಮತಾಂತರಕ್ಕೆ ಒಳಗಾದವರನ್ನು ಧರ್ಮಸಭೆಗೆ ಮರಳಿ ಸೇರಿಸುವುದು ಗುರುಗಳ ಪಾಲಿಗೆ ಬಂದ ಕೆಲಸ. ಹದಿನೈದು ವರ್ಷ ಬಾಯಿಬಿಟ್ಟು ಜಪಿಸಲು ಹೆದರಿದ್ದ ಮನೆಗಳಲ್ಲಿ ಪ್ರಾರ್ಥನೆಯನ್ನು ಮತ್ತೆ ರೂಢಿಗೆ ತರುವುದು ಎಷ್ಟು ಕಷ್ಟ! ಅಂಗಡಿ, ಬಸ್ಸು, ದಣಿವು ಎಂದು ನೆಪ ಹೇಳಿ ಜಪಸರವನ್ನು ಮನೆಯ ಹೆಂಗಸರಿಗೆ ಬಿಟ್ಟುಕೊಡುವ ನಾವು ಗಂಡಸರು ಇದನ್ನು ಊಹಿಸಿಕೊಳ್ಳಬೇಕು.

ಅಂದಿನ ಗುರುಗಳಿಗೆ ಲತೀನ್ ಭಾಷೆಯ ನಿತ್ಯ ಪ್ರಾರ್ಥನಾವಿಧಿ ಕಡ್ಡಾಯವಾಗಿತ್ತು. ನಸುಕಿನಿಂದ ಮಲಗುವ ತನಕ ಗೊತ್ತಾದ ಹೊತ್ತಿಗೆ ಕೀರ್ತನೆಗಳನ್ನು ಹೇಳಬೇಕು, ಪ್ರಯಾಣವಾದರೂ ರಿಯಾಯಿತಿಯಿಲ್ಲ. ದುಬ್ವಾರವರದ್ದಂತೂ ಊರಿಂದೂರಿಗೆ ಅಲೆಯುವ ಬಾಳು. ಗಡ್ಡ, ಬಿಳಿಯ ನಿಲುವಂಗಿ, ತಲೆಗೆ ರುಮಾಲು. ಮಾಂಸ ಬಿಟ್ಟು ಈ ನಾಡಿನ ಸಸ್ಯಾಹಾರ. ಹೊತ್ತು ತಪ್ಪದೆ ಪ್ರಾರ್ಥಿಸಬೇಕಾಗಿದ್ದ ಈ ಮನುಷ್ಯ ಬ್ರಾಹ್ಮಣರ ತ್ರಿಕಾಲ ಸಂಧ್ಯಾವಂದನೆಯನ್ನು ಬಲು ಸೂಕ್ಷ್ಮವಾಗಿ ಗಮನಿಸಿ ಬರೆದಿಟ್ಟದ್ದು ನಮಗೆ ಆಕಸ್ಮಿಕವೆನಿಸುವುದಿಲ್ಲ. ನಮ್ಮ ತ್ರಿಕಾಲ ಪ್ರಾರ್ಥನೆಯೂ ಇರುವುದು ಮೂರು ಹೊತ್ತೇ ಅಲ್ಲವೆ? ಆದರೂ ಅವರ ಬರಹದಲ್ಲಿ ಹಿಂದೂ ಆಚರಣೆಗಳ ಬಗ್ಗೆ ಕಟುಮಾತು ಸಾಕಷ್ಟಿದೆ. ಅದನ್ನು ನಾವು ಇಂದು ಒಪ್ಪುವಂತಿಲ್ಲ. ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು.

ಪ್ರಾರ್ಥನೆಯ ಜತೆ ಕೈಯ ದುಡಿಮೆಯೂ ಇತ್ತು. ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಮಾಡಿದರು. ಸಿಡುಬಿಗೆ ದೇವಿ ಹಾಕಿಸಲು ಜನ ಅಂಜುತ್ತಿದ್ದ 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ದೇವಿ ಹಾಕಿಸಿಕೊಂಡವರ ಲೆಕ್ಕ 25,432.

ಇಷ್ಟಾದರೂ ಅವರ ಮನಸ್ಸು ಸೋತಿತ್ತು. ಮೂರು ದಶಕದ ದುಡಿಮೆಗೆ ಫಲ ಕಾಣಲಿಲ್ಲವೆಂದು, ಈ ನಾಡಿನಲ್ಲಿ ಶುಭಸಂದೇಶ ಬೇರೂರದೆಂದು ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಆ ಪತ್ರಗಳು 1823ರಲ್ಲಿ ಅಚ್ಚಾದವು. ಅದೇ ವರ್ಷ ಅವರು ಭಾರತ ಬಿಟ್ಟರು. ನಿರಾಶೆಯಾಯಿತೆಂದು ಗುರುಪಟ್ಟವನ್ನೇನೂ ಬಿಡಲಿಲ್ಲ. ಪ್ಯಾರಿಸ್ಸಿನ ವಿದೇಶಿ ಮಿಷನ್ ಗುರುಮಠದಲ್ಲಿ ಉಳಿದು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿ, ಹೊಸ ಮಿಷನರಿಗಳನ್ನು ಪೂರ್ವದೇಶಗಳಿಗೆ ಕಳುಹಿಸಿದರು. 1848ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸಾತಹಳ್ಳಿಗೆ ಅವರು ಮತ್ತೆ ಬರಲಿಲ್ಲ. ಅಲ್ಲಿಯ ಕ್ರೈಸ್ತ ಮನೆಗಳು ಮಾತ್ರ ಅವರ ನಂತರವೂ ಉಳಿದವು.