ರಕ್ಷಕನೇ ಪರದೆಯಾದಾಗ

ರೋಗನಿರೋಧಕ ಶಕ್ತಿಯೆಂದರೆ ರಕ್ತದಲ್ಲಿರುವ ಪ್ರತಿಕಾಯಗಳೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೋವಿಡ್ ಕಾಲದಲ್ಲಿ ಅವುಗಳ ಪ್ರಮಾಣವನ್ನು ಅಳೆಸಿಕೊಂಡು ನೆಮ್ಮದಿಪಟ್ಟವರು ಅನೇಕರು. ಆದರೆ ಪ್ರತಿಕಾಯವು ಒಮ್ಮೊಮ್ಮೆ ರಕ್ಷಣೆಗೇ ಅಡ್ಡಿಯಾಗಬಲ್ಲದು. ಈ ವಿರೋಧಾಭಾಸವನ್ನು ಗಂಭೀರವಾಗಿ ಪರಿಶೀಲಿಸಿದವರಲ್ಲಿ ಸರ್ ಪೀಟರ್ ಮೆಡಾವರ್ ಒಬ್ಬರು.

ಮೆಡಾವರ್ 1915ರಲ್ಲಿ ಬ್ರೆಜಿಲ್‌ನಲ್ಲಿ ಜನಿಸಿದರು. ತಂದೆ ಲೆಬನಾನ್ ಮೂಲದವರು, ತಾಯಿ ಆಂಗ್ಲ ಮಹಿಳೆ. ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಶಾಸ್ತ್ರ ಕಲಿತ ಅವರನ್ನು ಎರಡನೆಯ ಮಹಾಯುದ್ಧವು ಸುಟ್ಟಗಾಯಗಳ ಚಿಕಿತ್ಸೆಯತ್ತ ಸೆಳೆಯಿತು. ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ ಅವರೊಡನೆ ಗಮನಿಸಿದ ರೋಗಿಯೊಬ್ಬಳಲ್ಲಿ, ಅವಳ ಸೋದರನಿಂದ ಪಡೆದ ಚರ್ಮದ ಎರಡನೆಯ ಕಸಿಯು ಮೊದಲನೆಯದಕ್ಕಿಂತ ಬೇಗ ನಾಶವಾಯಿತು. ದೇಹವು ಪರಕೀಯವನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು 1943ರ ಅವರ ವರದಿ ತೋರಿಸಿತು.

ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಅವರೊಡನೆ 1953ರಲ್ಲಿ ಪ್ರಕಟಿಸಿದ ಸಹಿಷ್ಣುತೆಯ ಸಂಶೋಧನೆಗಾಗಿ ಮೆಡಾವರ್ 1960ರ ನೊಬೆಲ್ ಪ್ರಶಸ್ತಿಯನ್ನು ಬರ್ನೆಟ್ ಅವರೊಂದಿಗೆ ಹಂಚಿಕೊಂಡರು. ಈ ನಡುವೆ, 1956ರಲ್ಲಿ, ಅದೇ ಮೂವರು ಒಂದು ಒಗಟನ್ನು ಕೈಗೆತ್ತಿಕೊಂಡಿದ್ದರು. ಕಸಿಯ ವಿರುದ್ಧ ಪ್ರತಿಕಾಯಗಳಿದ್ದ ಇಲಿಗಳಲ್ಲಿ ಕಸಿಯು ಕೆಲವೊಮ್ಮೆ ಹೆಚ್ಚು ಕಾಲ ಬಾಳುತ್ತಿತ್ತು. ಪ್ರತಿಕಾಯಗಳು ಕಸಿಯ ಗುರುತುಗಳನ್ನು ಮುಚ್ಚಿ, ಅದನ್ನು ಕೊಲ್ಲಬೇಕಾದ ಕೋಶಗಳ ಕಣ್ಣಿಗೆ ಬೀಳದಂತೆ ಮಾಡುತ್ತಿರಬಹುದು ಎಂಬುದು ಅವರು ಮುಂದಿಟ್ಟ ಸಾಧ್ಯತೆಗಳಲ್ಲೊಂದು.

1974ರಲ್ಲಿ ಕ್ಯಾನ್‌ಬೆರಾದಲ್ಲಿ ಡೋಹರ್ಟಿ ಮತ್ತು ಜಿಂಕರ್‌ನಾಗೆಲ್ ಕಂಡುಕೊಂಡ ಸಂಗತಿ ಈ ವಿಚಾರಕ್ಕೆ ಹೊಸ ಅರ್ಥ ತಂದಿತು. ಕಸಿಯ ಭವಿಷ್ಯವನ್ನು ನಿರ್ಧರಿಸುವ ಗುರುತುಗಳ ಮೂಲಕವೇ ಟಿ ಕೋಶಗಳು ವೈರಸ್ ಸೋಂಕಿತ ಕೋಶಗಳನ್ನೂ ಗುರುತಿಸುತ್ತವೆ. ವೈರಸ್ಸಿನ ಪ್ರೋಟೀನ್ ತುಣುಕುಗಳನ್ನು ಕೋಶದ ಮೇಲ್ಮೈಯಲ್ಲಿ ಎತ್ತಿ ತೋರಿಸುವುದು ಆ ಗುರುತುಗಳೇ. ಪ್ರತಿಕಾಯವೊಂದು ಅವುಗಳನ್ನು ಮುಚ್ಚಿದರೆ ಟಿ ಕೋಶವು ಸೋಂಕನ್ನು ಗುರುತಿಸದೆ ಹೋಗುತ್ತದೆ. ಪ್ರಯೋಗಾಲಯಗಳು ಇದನ್ನು ದೃಢಪಡಿಸಿವೆ. ಹಾಗೆಂದು ಪ್ರತಿಕಾಯಗಳು ಶತ್ರುಗಳಲ್ಲ. ಕೋಶದ ಹೊರಗಿರುವ ವೈರಸ್ಸನ್ನು ತಡೆಯುವುದರಲ್ಲಿ ಅವುಗಳಿಗೆ ಸಾಟಿಯಿಲ್ಲ. ಅವು ಎಷ್ಟಿವೆ ಎಂಬುದರಷ್ಟೇ ಎಲ್ಲಿಗೆ ಅಂಟಿಕೊಂಡಿವೆ ಎಂಬುದೂ ಮುಖ್ಯ.

ಒಂದು ಇಲಾಖೆಯ ಅತಿ ಶ್ರದ್ಧೆ ಇನ್ನೊಂದರ ಕೈ ಕಟ್ಟುವುದನ್ನು ಸರ್ಕಾರಿ ಸೇವೆಯಲ್ಲಿ ಅನೇಕ ಬಾರಿ ಕಂಡ ನನಗೆ ಈ ಪಾಠ ಅಪರಿಚಿತವೇನಲ್ಲ. ಅಂಕಿಅಂಶಗಳು ಸಿಬ್ಬಂದಿಯ ಸಂಖ್ಯೆಯನ್ನು ಹೇಳುತ್ತವೆ, ಸಮನ್ವಯವನ್ನು ಹೇಳುವುದಿಲ್ಲ.

1969ರಲ್ಲಿ ಪಾರ್ಶ್ವವಾಯು ಬಡಿದ ನಂತರವೂ ಮೆಡಾವರ್ ಸಂಶೋಧನೆ, ಬರವಣಿಗೆಗಳನ್ನು ಕೈಬಿಡಲಿಲ್ಲ. 1987ರಲ್ಲಿ ಅವರು ನಿಧನರಾದರು. ರಕ್ಷಕನನ್ನೂ ಪ್ರಶ್ನಿಸಿ ನೋಡುವ ಅವರ ವಿವೇಕ ನಮಗೆ ಇಂದಿಗೂ ಬೇಕಾಗಿದೆ.