ತನ್ನದೇ ರೋಗಿಗಳಿಗೆ ಕಾಗದ ಬರೆದ ಸರ್ಜನ್

ಥಿಯೋಡೋರ್ ಕೋಖರ್ ಅಂದರೆ ಎಲ್ಲರೂ ಹೇಳೋದು 1909ರ ನೊಬೆಲ್ ಬಗ್ಗೆ. ನನಗೆ ಮುಖ್ಯ ಅನ್ನಿಸೋದು 1883.

ಹುಟ್ಟಿದ್ದು 1841ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ. 1872ರಲ್ಲಿ ಅಲ್ಲೇ ಪ್ರೊಫೆಸರ್. ಆಲ್ಪ್ಸ್ ಸೀಮೆಯ ಮಣ್ಣು, ನೀರಿನಲ್ಲಿ ಅಯೋಡಿನ್ ಕಡಿಮೆ; ಊರೂರಲ್ಲೂ ಗಳಗಂಡ. ಆಪರೇಷನ್ ಅಂದರೆ ರಕ್ತ ಸುರಿದು ಸಾಯುವ ಭಯ. ಕೋಖರ್ ನಿಧಾನವಾಗಿ, ಒಂದೊಂದೇ ರಕ್ತನಾಳ ಹಿಡಿದು ಕತ್ತರಿಸುತ್ತಿದ್ದರು. ಎಷ್ಟು ನೀಟಾಗಿ ಅಂದರೆ, ಕೆಲವರ ಥೈರಾಯಿಡ್ ಗ್ರಂಥಿಯನ್ನು ಪೂರ್ತಿ ತೆಗೆದುಬಿಟ್ಟರು. ಅದು ಮಾಡುವ ಕೆಲಸವೇನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

1874ರಲ್ಲಿ ಹೀಗೆ ಆಪರೇಷನ್ ಆದ 11 ವರ್ಷದ ಹುಡುಗಿಯೊಬ್ಬಳು ಆಮೇಲೆ ಬದಲಾಗಿಹೋಗಿದ್ದಾಳೆ ಅಂತ ಅವಳ ಊರಿನ ವೈದ್ಯರು ತಿಳಿಸಿದ್ದರು. 1882ರಲ್ಲಿ ಜಿನೀವಾದ ರೆವೆರ್ಡಾಂ ಕೂಡ ತಮ್ಮ ರೋಗಿಗಳ ಬಗ್ಗೆ ಅಂಥದ್ದೇ ಮಾತು ಹೇಳಿದರು. ಕೋಖರ್ ಹಳೇ ರೋಗಿಗಳಿಗೆ ಕಾಗದ ಬರೆದು ವಾಪಸ್ ಕರೆಸಿದರು. ಗ್ರಂಥಿ ಪೂರ್ತಿ ತೆಗೆದಿದ್ದವರಲ್ಲಿ 18 ಜನರನ್ನು ಪರೀಕ್ಷೆ ಮಾಡಿದರೆ ಚೆನ್ನಾಗಿದ್ದವರು ಇಬ್ಬರೇ. ಉಳಿದವರಿಗೆ ಊದಿದ ಮುಖ, ಸದಾ ಚಳಿ, ತಡವರಿಸುವ ಮಾತು, ಮಂಕು. ಆ ಹುಡುಗಿ ಬೆಳೆಯುವುದೇ ನಿಂತಿತ್ತು; ತಂಗಿ ಅಕ್ಕನಿಗಿಂತ ಎತ್ತರವಾಗಿದ್ದಳು.

ಗ್ರಂಥಿಯ ಒಂದು ಚೂರು ಉಳಿಸಿದ್ದರೂ ಹೀಗಾಗುತ್ತಿರಲಿಲ್ಲ. ಯಾಕೆ ಅನ್ನೋದು ಈಗ ಗೊತ್ತು. ಇಂಜಿನಿಯರಿಂಗ್ ಓದಿದ ನನಗೆ ಈ ವ್ಯವಸ್ಥೆ ನೋಡಿದರೆ ಹೊಟ್ಟೆಕಿಚ್ಚಾಗುತ್ತೆ. ಥೈರಾಯಿಡ್ ಕೋಶಗಳು ಥೈರೋಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನ್ ತಯಾರಿಸಿ, ಅದಕ್ಕೆ ಅಯೋಡಿನ್ ಅಂಟಿಸಿ, ತಮ್ಮ ನಡುವಿನ ಪುಟ್ಟ ಚೀಲಗಳಲ್ಲಿ ತುಂಬಿಡುತ್ತವೆ. ನಮ್ಮ ಹಗೇವಿನ ಹಾಗೆ. ಎರಡು ಮೂರು ತಿಂಗಳಿಗಾಗುವಷ್ಟು ದಾಸ್ತಾನು. ಬೇಕಾದಾಗ ಕೋಶ ಅದನ್ನು ವಾಪಸ್ ಒಳಗೆಳೆದುಕೊಂಡು, ಲೈಸೊಸೋಮಿನಲ್ಲಿ ತುಂಡರಿಸಿ, ಹಾರ್ಮೋನನ್ನು ರಕ್ತಕ್ಕೆ ಬಿಡುತ್ತೆ. ಹಾರ್ಮೋನ್ ಆಗದೆ ಉಳಿದ ತುಣುಕುಗಳಿಂದ ಅಯೋಡಿನ್ ಬಿಡಿಸಿಕೊಂಡು ಮತ್ತೆ ಬಳಸುತ್ತೆ. ಪೂರ್ತಿ ಗ್ರಂಥಿ ಹೋದರೆ ಕಾರ್ಖಾನೆ, ಗೋದಾಮು, ರಿಪೇರಿ ಅಂಗಡಿ ಮೂರೂ ಒಟ್ಟಿಗೆ ಹೋದಂತೆ.

ಕೋಖರ್ 1883ರಲ್ಲಿ ಬರ್ಲಿನ್ನಿಗೆ ಹೋಗಿ, ಜರ್ಮನ್ ಸರ್ಜನ್‌ಗಳ ಸಭೆಯಲ್ಲಿ ಈ ಲೆಕ್ಕವನ್ನೆಲ್ಲ ಮುಂದಿಟ್ಟರು. ಕಾರಣ ಹೇಳುವಾಗ ಮಾತ್ರ ಎಡವಿದರು. ಶ್ವಾಸನಾಳಕ್ಕೆ ಆದ ತೊಂದರೆ ಅಂದುಕೊಂಡಿದ್ದರು. ಆದರೂ ಸಾಧಾರಣ ಗಳಗಂಡಕ್ಕೆ ಪೂರ್ತಿ ಗ್ರಂಥಿ ತೆಗೆಯುವುದನ್ನು ಬಿಟ್ಟರು. ಉದ್ಘಾಟನೆ ಮಾಡಿದ ಸೇತುವೆಯನ್ನು ಐದು ವರ್ಷ ಬಿಟ್ಟು ನೋಡಲು ಹೋದ ಮಂತ್ರಿಯನ್ನು ನಾನಂತೂ ಕಂಡಿಲ್ಲ.

ಮುಂದೆ ಸಾವಿರಾರು ಆಪರೇಷನ್ ಮಾಡಿದರು. ಸಾವು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. 1917ರಲ್ಲಿ ತೀರಿಕೊಂಡರು. ಸ್ವಿಟ್ಜರ್ಲೆಂಡಿನಲ್ಲಿ ಅಯೋಡಿನ್ ಉಪ್ಪು ಬಂದದ್ದು 1922ರಲ್ಲಿ.