ದಾನಶೂರ ಸೇಠ ಪ್ರೇಮಚಂದ ರಾಯಚಂದ

ಮುಂಬಯಿಗೆ ವ್ಯಾಪಾರಕ್ಕೆಂದು ಹೋಗಿಬರುವ ನಮ್ಮ ಸಮಾಜಬಾಂಧವರಲ್ಲಿ ಅನೇಕರು ವಿಶ್ವವಿದ್ಯಾಲಯದ ಆವರಣದಲ್ಲಿರುವ ಎತ್ತರದ ಗಡಿಯಾರ ಗೋಪುರವನ್ನು ಕಂಡಿರಬಹುದು. ಸುಮಾರು 280 ಅಡಿ ಎತ್ತರದ ಆ ಶಿಲಾಗೋಪುರಕ್ಕೆ ರಾಜಾಬಾಯಿ ಗೋಪುರವೆಂದು ಹೆಸರು. ಅದು ಯಾವ ರಾಣಿಯ ಹೆಸರೂ ಅಲ್ಲ, ಗವರ್ನರನ ಪತ್ನಿಯ ಹೆಸರೂ ಅಲ್ಲ. ಒಬ್ಬ ಜೈನ ಶ್ರಾವಿಕೆಯ ಹೆಸರು. ಆ ಮಾತೆಯ ಸುಪುತ್ರರೇ ಸೇಠ ಪ್ರೇಮಚಂದ ರಾಯಚಂದರು.

ಶ್ವೇತಾಂಬರ ಸಂಪ್ರದಾಯದ ಈ ಶ್ರೇಷ್ಠಿಗಳು 1831ರಲ್ಲಿ ಸೂರತ್ ನಗರದಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು. ಕುಟುಂಬವು ಮುಂಬಯಿಗೆ ಬಂದು ನೆಲೆಸಿದ ಮೇಲೆ ಬಾಲಕ ಪ್ರೇಮಚಂದರಿಗೆ ಇಂಗ್ಲೀಷ್ ವಿದ್ಯಾಭ್ಯಾಸವಾಯಿತು. ಆ ಕಾಲದ ದಲಾಲರಲ್ಲಿ ಇಂಗ್ಲೀಷ್ ಓದಿ ಬರೆಯಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆದ್ದರಿಂದ ಯುರೋಪಿಯನ್ ಕಂಪನಿಗಳ ಮತ್ತು ಬ್ಯಾಂಕುಗಳ ಬಾಗಿಲು ಇವರಿಗೆ ಬೇಗನೆ ತೆರೆಯಿತು. ಹುಂಡಿ, ಬೆಳ್ಳಿ ಬಂಗಾರ, ಹತ್ತಿ, ಷೇರು ಹೀಗೆ ಕುಟುಂಬದ ಪೇಢಿಯ ವ್ಯವಹಾರವು ದಿನೇ ದಿನೇ ವೃದ್ಧಿಗೊಂಡಿತು. ದಿನದ ಸೌದೆಗಳನ್ನೆಲ್ಲ ಕಾಗದದ ಸಹಾಯವಿಲ್ಲದೆ ನೆನಪಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಕೀರ್ದಿ ಖಾತೆ ಬರೆದು ಬಲ್ಲವರಿಗೆ ಇದು ಎಂಥ ಸಾಮರ್ಥ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಪ್ರಾರಂಭವಾಯಿತು. ಅಲ್ಲಿಯ ದಕ್ಷಿಣ ಸಂಸ್ಥಾನಗಳ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತುಹೋಗಲು, ಲಂಕಾಷೈರಿನ ಗಿರಣಿಗಳು ಹಿಂದೂಸ್ಥಾನದ ಹತ್ತಿಗಾಗಿ ಬಾಯಿತೆರೆದು ಕುಳಿತವು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟೆಯ ಬಂದರದಿಂದ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಸಾಗಿತು. ದರವು ಹಲವು ಪಟ್ಟು ಏರಿತು. ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. ಆದರೆ ಆ ಹಣಕ್ಕೆ ತಕ್ಕಷ್ಟು ಉದ್ಯೋಗ ಇರಲಿಲ್ಲ. ಆದುದರಿಂದ ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ ಎಂಬಂತಾಯಿತು. ಸಮುದ್ರವನ್ನು ತುಂಬಿ ಭೂಮಿ ಮಾಡುವ ಬ್ಯಾಕ್‌ಬೇ ಕಂಪನಿಯ ಐದು ಸಾವಿರದ ಷೇರು ಐವತ್ತು ಸಾವಿರದವರೆಗೆ ಏರಿತೆಂದ ಮೇಲೆ ಉಳಿದುದನ್ನು ಊಹಿಸಬಹುದು. ಈ ಎಲ್ಲ ವ್ಯವಹಾರದ ಸೂತ್ರಧಾರರು ಮೂವತ್ತು ದಾಟಿದ ಪ್ರೇಮಚಂದ ಸೇಠರು. ಅವರ ಮನೆಯ ಮುಂದೆ ಬೆಳಗಿನಿಂದಲೇ ದೊಡ್ಡವರೂ ಸಣ್ಣವರೂ ಕಾಯುತ್ತಿದ್ದರು.

ಇದೇ ಐಶ್ವರ್ಯದ ದಿನಗಳಲ್ಲಿ ಅವರ ಕೈ ದಾನಕ್ಕೂ ತೆರೆದಿತ್ತು. 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಲಕ್ಷ ರೂಪಾಯಿ, ಅದೇ ವರ್ಷ ಗೋಪುರಕ್ಕೆ ಮತ್ತೆ ಎರಡು ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ತಮ್ಮ ಹೆಸರನ್ನು ಬಯಸದೆ ತಾಯಿಯ ಹೆಸರನ್ನು ಇರಿಸಬೇಕೆಂದರು. ಕಲಕತ್ತಾ ವಿಶ್ವವಿದ್ಯಾಲಯಕ್ಕೂ ಎರಡು ಲಕ್ಷ ರೂಪಾಯಿ ಸಂದಿತು. ಸೂರತ್ತಿನಲ್ಲಿ ಹೆಣ್ಣುಮಕ್ಕಳ ಶಾಲೆ, ಭರೂಚದಲ್ಲಿ ಗ್ರಂಥಾಲಯ ತಂದೆಯ ಹೆಸರಿನಲ್ಲಿ ಆದವು. ಅಹಮದಾಬಾದಿನಲ್ಲಿ ಶಿಕ್ಷಕರ ತರಬೇತಿ ಕಾಲೇಜಾಯಿತು.

1865ರ ಏಪ್ರಿಲ್‌ನಲ್ಲಿ ಯುದ್ಧವು ಮುಗಿಯಿತು. ಹತ್ತಿಯ ದರ ಕುಸಿಯಿತು. ವಾಯಿದೆ ಸೌದೆಗಳನ್ನು ತೀರಿಸಬೇಕಾದ ಜುಲೈ 1ರಂದು ಕೊಡುವವರೇ ಇಲ್ಲವಾದರು. ಕೋಟ್ಯಾಧೀಶರು ದಿವಾಳಿಯಾದರು. ಸೇಠರ ಪೇಢಿಯೂ ಉಳಿಯಲಿಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಉಚಿತವಲ್ಲ. 1840ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಬಾಂಬೆಗೆ 1863ರ ಕಾಯಿದೆಯಿಂದ ಷೇರುಗಳ ಆಧಾರದ ಮೇಲೆ ಸಾಲ ಕೊಡಲು ಅವಕಾಶ ದೊರೆತಿತ್ತು. ಆ ಬ್ಯಾಂಕಿನಲ್ಲಿ ಸೇಠರ ಮಾತಿಗೆ ಇದ್ದ ಬೆಲೆ ಅಷ್ಟಿಷ್ಟಲ್ಲ. ಅವರೂ, ಅವರು ಹೇಳಿದವರೂ ತೆಗೆದ ಸಾಲ ಬಹಳ. ಎರಡು ಕೋಟಿಗೂ ಮಿಕ್ಕಿದ ಬಂಡವಾಳದ ಬಹುಭಾಗವನ್ನು ಕಳೆದುಕೊಂಡು ಆ ಬ್ಯಾಂಕು 1868ರಲ್ಲಿ ಮುಚ್ಚಿತು. ಸರ್ಕಾರದ ವಿಚಾರಣಾ ಆಯೋಗದ ಮುಂದೆ ಸೇಠರ ಹೆಸರು ಮೇಲಿಂದ ಮೇಲೆ ಬಂದಿತು. ಷೇರು ಕಾಗದವನ್ನೇ ಒತ್ತೆಯೆಂದು ಎಣಿಸಿ ಸಾಲ ಕೊಟ್ಟ ಅಧಿಕಾರಿಗಳ ತಪ್ಪು ಸಣ್ಣದಲ್ಲ. ಆದರೆ ಕೇಳಿ ಪಡೆದವರ ತಪ್ಪೂ ತಪ್ಪೇ.

ಆಶ್ಚರ್ಯದ ಸಂಗತಿ ಮುಂದಿದೆ. ಗೋಪುರದ ಅಡಿಗಲ್ಲು ಬಿದ್ದುದು 1869ರಲ್ಲಿ, ಕೆಲಸ ಪೂರ್ತಿಯಾದುದು 1878ರ ನವೆಂಬರದಲ್ಲಿ. ಅಂದರೆ ಸಂಪತ್ತೆಲ್ಲ ಹೋದ ಮೇಲೆ ಹತ್ತು ವರ್ಷ ಕಾಲ ಅದೇ ನಗರದಲ್ಲಿ ಓಡಾಡುತ್ತ, ತಾವು ಕೊಟ್ಟ ಹಣದ ಕಲ್ಲುಗಳು ಒಂದರ ಮೇಲೊಂದು ಏರುವುದನ್ನು ಸೇಠರು ನೋಡಿದರು. ಊರು ಬಿಟ್ಟು ಹೋಗಲಿಲ್ಲ. ದಲಾಲಿಯನ್ನು ಪುನಃ ಕೈಗೊಂಡು ಮೆಲ್ಲಗೆ ಪೇಢಿಯನ್ನು ಕಟ್ಟಿದರು. 1875ರಲ್ಲಿ ದೇಶೀಯ ಷೇರು ದಲಾಲರ ಸಂಘ ಸ್ಥಾಪಿತವಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಅದೇ ಇಂದಿನ ಮುಂಬಯಿ ಷೇರು ಮಾರುಕಟ್ಟೆ. ಪ್ರವೇಶ ಶುಲ್ಕ ಆಗ ಒಂದು ರೂಪಾಯಿ!

ರಾಜಾಬಾಯಿಯವರು ದೃಷ್ಟಿಹೀನರಾಗಿದ್ದರೆಂದೂ, ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ವ್ರತಕ್ಕೆ ವೇಳೆ ತಿಳಿಯಲೆಂದು ಮಗ ಈ ಗಡಿಯಾರ ಕಟ್ಟಿಸಿದನೆಂದೂ ಒಂದು ಪ್ರತೀತಿಯಿದೆ. ಸೇಠರ ಬಂಗಲೆ ಇದ್ದ ಬೈಖಲಾ ಕೋಟೆಯಿಂದ ಸಾಕಷ್ಟು ದೂರ. ಗಂಟೆಯ ನಾದ ಅಲ್ಲಿಗೆ ಕೇಳಿಸುತ್ತಿತ್ತೋ ಇಲ್ಲವೋ. ಆದರೆ ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಗಳಲ್ಲಿ ಈ ಕಥೆ ಪ್ರೀತಿಯಿಂದ ಹೇಳಲ್ಪಡುತ್ತದೆ.

ಸೇಠರು 1906ರಲ್ಲಿ ದಿವಂಗತರಾದರು. ಅವರು ಸ್ಥಾಪಿಸಿದ ಪೇಢಿಯನ್ನು ವಂಶಸ್ಥರು ಮುಂದುವರಿಸಿದರು. ಕಲಕತ್ತೆಯಲ್ಲಿ ಅವರ ಹೆಸರಿನ ವಿದ್ಯಾರ್ಥಿವೇತನವನ್ನು ಆಶುತೋಷ ಮುಖರ್ಜಿ, ಇತಿಹಾಸಕಾರ ಜದುನಾಥ ಸರ್ಕಾರರಂಥ ವಿದ್ವಾಂಸರು ಪಡೆದರು. 2018ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬಯಿಯ ಕಟ್ಟಡಗಳಲ್ಲಿ ಆ ತಾಯಿಯ ಹೆಸರಿನ ಗೋಪುರವೂ ಇದೆ.